ವಿಭೂತಿಯ ರುಚಿ

ದೊಡ್ಡಮ್ಮ ಕುಣಿಗಲ್ಲಿನಿಂದ ಬಂದು ಬ್ಯಾಗಿನ ಜಿಪ್ ಎಳೆದಳೆಂದರೆ ಉಪ್ಪಾರಹಳ್ಳಿಯ ನಮ್ಮ ಪುಟ್ಟ ಮನೆಯ ತುಂಬ ವಿಭೂತಿಯ ವಾಸನೆ. ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ತಣ್ಣಗಿನ ವಾಸನೆ. ಮೊನ್ನೆಯೂ ಹಾಗೇ ಆಯಿತು. ಸೋಫಾದ ಮೇಲೆ ದಿಂಬಿಗೆ ಒರಗಿದ್ದ ನಾನು ಏಳಲಾರದೆ ಅಲ್ಲೇ ಕಣ್ಣು ಮುಚ್ಚಿದೆ. ನೀವು ನನ್ನನ್ನು ಸೋಮಾರಿ ಅಂದುಕೊಳ್ಳಬಹುದು. ನನ್ನ ಗಂಡನ ಅಭಿಪ್ರಾಯವೂ ಅದೇ.

ಕಣ್ಣು ಮುಚ್ಚಿದರೆ ಕುಣಿಗಲ್ಲಿನ ಆ ಮನೆ. ಪಿಯುಸಿ ಓದಲು ನಾನು ಅಲ್ಲಿದ್ದೆ. ಮಧ್ಯಾಹ್ನ ಕಾಲೇಜಿನಿಂದ ಬಂದರೆ ದೇವರ ಕೋಣೆಯ ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ಇಳಿದಿರುತ್ತಿತ್ತು. ಅದರೊಳಗೆ ಬೂದಿಯ ಕಣಗಳು ನಿಧಾನವಾಗಿ ಏರುತ್ತ, ಇಳಿಯುತ್ತ ಇರುತ್ತಿದ್ದವು. ದೊಡ್ಡಮ್ಮ ಗೋಡೆಗೊರಗಿ, ವಿಭೂತಿ ಗಟ್ಟಿಯ ಮೂಲೆ ಮುರಿದು ಬಾಯಿಗಿಟ್ಟು, ಅರೆಗಣ್ಣಿನಲ್ಲಿ ಚಪ್ಪರಿಸುತ್ತಿದ್ದಳು. ಆ ಸುಖವನ್ನು ಆಮೇಲೆ ನಾನು ಯಾರ ಮುಖದಲ್ಲೂ ಕಂಡಿಲ್ಲ. ಅವಳ ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. ನಾವದನ್ನು ದೈವಕಳೆ ಎಂದುಕೊಂಡೆವು.

ದೊಡ್ಡಪ್ಪನದು ಬಟ್ಟೆ ಅಂಗಡಿ. ಬಂದವರೆದುರೆಲ್ಲ ಅವರದು ಒಂದೇ ಹೊಗಳಿಕೆ. "ನಮ್ಮನೆಯವ್ಳಿಗೆ ಊಟ ಬ್ಯಾಡ, ತಿಂಡಿ ಬ್ಯಾಡ. ವಿಭೂತಿ ಒಂದಿದ್ರೆ ಸಾಕು ಕಣ್ರೀ. ಯಾವ್ ಜನ್ಮದ ಪುಣ್ಯವೋ!" ಮಠಕ್ಕೆ ಹೋದಾಗ ಅವಳಿಗೆಂದೇ ಹೆಚ್ಚಿಗೆ ಗಟ್ಟಿ ತರುತ್ತಿದ್ದರು. ಬೀದಿಯ ಹೆಂಗಸರು ಅವಳ ಕಾಲಿಗೆ ನಮಸ್ಕರಿಸುವುದೂ ಶುರುವಾಗಿತ್ತು. ಮಕ್ಕಳಿಲ್ಲದವಳೆಂದು ಹಿಂದೆ ಮುಖ ತಿರುಗಿಸುತ್ತಿದ್ದವರೂ ಇವರೇ.

ಅವಳು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಕೆಳಹೊಟ್ಟೆ ಗಟ್ಟಿಯಾಗಿ ಮುಂದೆ ಬಂದಿತ್ತು. ಬಸ್ಸು ಹತ್ತಿದರೆ ಸಾಕು, ಬಚ್ಚಲಿಗೆ ಹೋಗಬೇಕು ಎನ್ನುತ್ತಿದ್ದಳು. ಬಟ್ಟೆ ಅಂಗಡಿಯವರ ಹೆಂಡತಿಯಾಗಿಯೂ ಉಡುತ್ತಿದ್ದುದು ಬರೀ ಕಡುಗೆಂಪು, ಇಲ್ಲವೇ ಕಪ್ಪು ಸೀರೆ. ಏಕೆಂದು ಯಾರೂ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಮುಟ್ಟಾದವರನ್ನು ಹೊರಗೆ ಕೂರಿಸುವ ಪದ್ಧತಿಯಿಲ್ಲ. ಕೊರಳಲ್ಲಿ ಲಿಂಗವಿದ್ದವರಿಗೆ ಎಂಥ ಮೈಲಿಗೆ? ಇದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯೇ. ಆದರೆ ಪಕ್ಕದ ಮನೆಯಲ್ಲಿ ಹೊರಗೆ ಕೂತವರ ದಿನಗಳು ಬೀದಿಗೆಲ್ಲ ಗೊತ್ತಾಗುತ್ತಿದ್ದರೆ, ನಮ್ಮ ದೊಡ್ಡಮ್ಮನವು ಅವಳ ಗಂಡನಿಗೂ ಗೊತ್ತಿರಲಿಲ್ಲ.

ಗುಬ್ಬಿಯಲ್ಲಿ ನೆಂಟರ ಮದುವೆ. ಆರತಿ ಎತ್ತುವಾಗ ದೊಡ್ಡಮ್ಮ ತಟ್ಟೆ ಸಮೇತ ಕುಸಿದಳು. ತುಮಕೂರಿನ ಲೇಡಿ ಡಾಕ್ಟರ ಬಳಿ ಕರೆದೊಯ್ದೆವು. ಅವರು ಕಣ್ಣರೆಪ್ಪೆ ಕೆಳಗೆಳೆದು ನೋಡಿ, "ಮಣ್ಣು, ಬಳಪ, ಇಂಥದ್ದೇನಾದ್ರೂ ತಿನ್ನೋ ಆಸೆ ಆಗುತ್ತಾ?" ಎಂದರು.

"ಛೆ ಛೆ, ಅಂಥ ಚಾಳಿ ಇಲ್ಲ ಮೇಡಂ. ವಿಭೂತಿ ಬಿಟ್ರೆ ಬೇರೇನೂ ಮುಟ್ಟಲ್ಲ," ದೊಡ್ಡಪ್ಪ ಎದೆಯುಬ್ಬಿಸಿ ಹೇಳಿದರು.

ಡಾಕ್ಟರು ಅವರನ್ನು ಮೆಲ್ಲಗೆ ಹೊರಗೆ ಕಳಿಸಿದರು. "ತಿಂಗಳಿಗೆ ಎಷ್ಟು ದಿನ ಹೋಗುತ್ತಮ್ಮ?"

"ಹೋಗ್ದೆ ಇರೋ ದಿನ ಕೇಳಿ. ಲೆಕ್ಕ ಬೇಗ ಮುಗಿಯುತ್ತೆ."

ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ತುಂಬ ಗಡ್ಡೆಗಳು ಕಂಡವು. ಫೈಬ್ರಾಯ್ಡ್ ಎಂದರು, ಒಂದಂತೂ ಎಳನೀರಿನ ಕಾಯಷ್ಟು. ಕ್ಯಾನ್ಸರಲ್ಲ, ಹೆದರಬೇಡಿ ಎಂದರು. ಸಣ್ಣದಿದ್ದಾಗಲೇ ಬಂದಿದ್ದರೆ ಮಾತ್ರೆಯಲ್ಲಿ ರಕ್ತಸ್ರಾವ ಹಿಡಿಯಬಹುದಿತ್ತು, ಗಡ್ಡೆಯಷ್ಟನ್ನೇ ತೆಗೆಯಲೂಬಹುದಿತ್ತು. ಇವರ ವಯಸ್ಸಿಗೆ, ಇಷ್ಟು ಬೆಳೆದ ಮೇಲೆ ಗರ್ಭಕೋಶವನ್ನೇ ತೆಗೆಯುವುದು ಒಳ್ಳೆಯದು. ಅದಕ್ಕೂ ಮೊದಲು ರಕ್ತ ಏರಿಸಬೇಕು. "ಮೈಯಲ್ಲಿ ಕಬ್ಬಿಣದಂಶ ಇಲ್ದೆ ಬೂದಿ ತಿನ್ನೋ ಆಸೆ ಬಂದಿದೆ. ರಕ್ತ ಸರಿಹೋದ್ರೆ ಅದೂ ಹೋಗುತ್ತೆ."

ಆಪರೇಷನ್ ಎಂದಾಗ ಅಳದವಳು ಆ ಮಾತಿಗೆ ಅತ್ತಳು. ವಾರ್ಡಿನಲ್ಲಿ ನನ್ನ ಕೈ ಹಿಡಿದುಕೊಂಡಳು. "ಹಂಗಾದ್ರೆ ನಂಗೆ ಬೇಕಾಗಿದ್ದು ಶಿವ ಅಲ್ವೇನೇ? ಕಬ್ಬಿಣಾನಾ? ನಂಗೆ ಈ ರಕ್ತ ಗಿಕ್ತ ಬ್ಯಾಡ ಕಣೇ. ಮಕ್ಕಳಿಲ್ದೋಳು ಅಂತಿದ್ದೋರು ಈಗ ದೊಡ್ಡ ಶರಣೆ ಅಂತಾರೆ. ಇದೂ ಹೋದ್ರೆ ನಾನ್ಯಾರು?"

ಪಿಯುಸಿ ಹುಡುಗಿಗೆ ಏನು ತಿಳಿದೀತು? "ರುಚಿ ಹೋದ್ರೆ ಹೋಗ್ಲಿ, ದೊಡ್ಡಪ್ಪಂಗೆ ಹೇಳೋದು ಬೇಡ ಬುಡು," ಎಂದೆ. ಆ ದಡ್ಡ ಮಾತಿಗೆ ಅವಳಿಗೆ ನಗು ಬಂತು. ನಕ್ಕವಳು ಸೂಜಿಗೆ ಕೈ ಚಾಚಿದಳು.

ಎಲ್ಲ ಸುಸೂತ್ರವಾಯಿತು. ಮನೆಗೆ ಬಂದು ಸ್ವಲ್ಪ ದಿನಕ್ಕೆ ಅದೇ ಬಿಸಿಲಿನ ಕೋಲಿನಲ್ಲಿ ಕೂತು ಚೂರು ಮುರಿದು ನಾಲಿಗೆಗಿಟ್ಟವಳು, ಥೂ ಎಂದು ಉಗಿದಳು. "ಬರೀ ಬೂದಿ ಕಣೇ." ಕೆನ್ನೆಗೆ ರಂಗೇರಿತ್ತು, ಕಣ್ಣು ಮಾತ್ರ ಮನೆ ಕಳೆದುಕೊಂಡವರ ಹಾಗಿತ್ತು. ಆಮೇಲೆ ಆ ವಿಷಯ ನಾವಿಬ್ಬರೂ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮೂಲೆಯಲ್ಲಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅವಳು ಪೂಜೆಗೆ ಕೂತಿದ್ದಾಗ ಬಾಗಿಲಿಗೊರಗಿ ನಿಂತು ಕೇಳಿಯೇಬಿಟ್ಟೆ. "ಆ ರುಚಿ ಹೋಯ್ತಲ್ಲ ದೊಡ್ಡಮ್ಮ, ಬೇಜಾರಿಲ್ವಾ?"

"ಆಗ ನಾಲಿಗೆ ಎಳ್ಕೊಂಡು ಬರ್ತಿತ್ತು ಕಣೇ. ಈಗ ಯಾರೂ ಎಳೆಯಲ್ಲ. ನಾನಾಗೇ ಬಂದು ಕೂತ್ಕೋತೀನಿ." ತಲೆಯೆತ್ತಿ ನನ್ನನ್ನು ದಿಟ್ಟಿಸಿದಳು. "ಅದಿರ್ಲಿ, ನಿಂಗೆ ಈ ಸಲ ಎಷ್ಟು ದಿನ ಹೋಯ್ತು?"

ನನ್ನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಮ್ಮನೂ ಇಲ್ಲ, ಗಂಡನೂ ಇಲ್ಲ. ಇನ್ನೂ ನಿಂತೇ ಇಲ್ಲವೆಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ದೊಡ್ಡಮ್ಮ ಅರ್ಧ ಪೂಜೆಗೇ ಲಿಂಗವನ್ನು ಕಣ್ಣಿಗೊತ್ತಿ ಕಟ್ಟಿಕೊಂಡು ಎದ್ದಳು. "ಶಿವ ಕಾಯ್ತಾನೆ. ಸ್ಕ್ಯಾನಿಂಗ್ ಸೆಂಟರ್‌ನೋರು ಕಾಯಲ್ಲ. ಹೊಟ್ಟೆ ತುಂಬ ನೀರು ಕುಡಿ, ಹೊರಡು."