ಅವಳ ಬೆನ್ನು ನೋಡಿಕೊಂಡು ಓಡಿದ್ದು

ಅವಳು ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೊದಲ ವಾರವೇ ಅವಳ ಬಾಲ್ಕನಿಯ ಮೇಲೆ ನನ್ನ ಕಣ್ಣು ಬಿತ್ತು. ನಮ್ಮ ಬಾಲ್ಕನಿ ಪಾರ್ಕಿಂಗಿನ ಕಡೆಗಿತ್ತು, ಬಿಸಿಲಿನ ಮುಖವೇ ಕಾಣುತ್ತಿರಲಿಲ್ಲ. ನಾನು ಇಟ್ಟ ತುಳಸಿ ಒಂದಾದ ಮೇಲೊಂದು ಒಣಗಿಹೋಗುತ್ತಿತ್ತು. ಅವಳು ಇಂಡಿಯನ್ ಗ್ರೋಸರಿಯವನ ಹತ್ತಿರ ಬೇಡಿ ತಂದ ಬಡಕಲು ಸಸಿ ಬೇಸಗೆ ಮುಗಿಯುವಷ್ಟರಲ್ಲಿ ಸೊಂಟದೆತ್ತರ ಬೆಳೆದು ನಿಂತಿತು. ಕರೆದು ತೋರಿಸಿದಳು ಬೇರೆ. ನಾನು ಚೆನ್ನಾಗಿದೆ ಎಂದೆ, ಮನೆಗೆ ಬಂದು ಗಂಡನ ಮೇಲೆ ರೇಗಿದೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಅದು ಡಾಟ್‌ಕಾಮ್ ಕಂಪನಿಗಳ ಕಾಲ. ನಮ್ಮ ಗಂಡಂದಿರು ಆಫೀಸಿನಲ್ಲೇ ಊಟ ಮಾಡಿ, ಕೆಲವೊಮ್ಮೆ ಅಲ್ಲೇ ಮಲಗಿ, ಮನೆಗೆ ಕಂಪನಿಯ ಟೀ ಶರ್ಟುಗಳನ್ನು ತರುತ್ತಿದ್ದರು. ನಮ್ಮಿಬ್ಬರದೂ ಗಂಡನ ವೀಸಾದ ಬಾಲಕ್ಕೆ ಕಟ್ಟಿದ ವೀಸಾ, ಕೆಲಸ ಮಾಡುವಂತಿಲ್ಲ. ನಾನು ಮಂಡ್ಯದ ಕಡೆಯವಳು, ಅವಳು ಧಾರವಾಡದ ಕಡೆಯವಳು. ಮೂರು ವರ್ಷ ದಿನಾ ಮುಖ ನೋಡಿದರೂ ಒಬ್ಬರಿಗೊಬ್ಬರು 'ರೀ' ಬಿಡಲಿಲ್ಲ. ಅವಳು ಮೊದಲನೇ ಸಲಕ್ಕೇ ಡ್ರೈವಿಂಗ್ ಟೆಸ್ಟು ಪಾಸು ಮಾಡಿದಳು, ನಾನು ಫ್ರೀವೇ ಎಂದರೆ ಇನ್ನೂ ಬೆವರುತ್ತಿದ್ದೆ. ಅವಳ ಗಂಡನ ಕಂಪನಿಯ ಷೇರು ಏರಿತು, ನಮ್ಮವರ ಕಂಪನಿ ಬಾಗಿಲು ಹಾಕಿ ಅವರು ಬೇರೆ ಕಡೆ ಕಡಿಮೆ ಸಂಬಳಕ್ಕೆ ಸೇರಬೇಕಾಯಿತು. ಇದೆಲ್ಲ ಹೇಗೋ ನುಂಗಿಕೊಂಡೆ. ನನ್ನ ಮಗಳು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವಾಗ ಅವಳ ಮಗ ನನ್ನೆದುರು ಕೈಕಟ್ಟಿ ನಿಂತು "ಊಟ ಆತ್ರೀ ಆಂಟಿ" ಅನ್ನುತ್ತಿದ್ದನಲ್ಲ, ಅದನ್ನು ಮಾತ್ರ ನುಂಗುವುದಕ್ಕೆ ಆಗುತ್ತಿರಲಿಲ್ಲ.

ಓಟ ಒಂದೇ ನನ್ನದು. ಹೈಸ್ಕೂಲಿನಲ್ಲಿ ಉದ್ದ ಲಂಗ ಎತ್ತಿ ಕಟ್ಟಿಕೊಂಡು ಓಡಿ ಜಿಲ್ಲಾ ಮಟ್ಟದವರೆಗೆ ಹೋದವಳು ನಾನು. ಅಮೆರಿಕಕ್ಕೆ ಬಂದ ಮೇಲೆ, ಮಗಳನ್ನು ಸ್ಕೂಲಿಗೆ ಬಿಟ್ಟು ಮನೆಗೆ ಬಂದರೆ ಗೋಡೆಗಳು ಮೈಮೇಲೆ ಬಂದಂತಾಗುತ್ತಿತ್ತು. ಗಂಡನ ಟೀ ಶರ್ಟು ಹಾಕಿಕೊಂಡು ಅಲ್ಲಿಯವರು ಕ್ರೀಕ್ ಅನ್ನುವ ಹಳ್ಳದ ಪಕ್ಕದ ಮಣ್ಣುದಾರಿಯಲ್ಲಿ ಓಡತೊಡಗಿದೆ. ಆ ಒಂದು ಗಂಟೆ ನಾನು ಯಾರ ಡಿಪೆಂಡೆಂಟೂ ಆಗಿರಲಿಲ್ಲ. ಒಂದು ದಿನ ಅವಳು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದಳು. "ನಾನೂ ಬರ್ಲೇನ್ರಿ ನಿಮ್ ಕೂಡ? ಮನ್ಯಾಗ ಕುಂತು ಕುಂತು ಬ್ಯಾಸರಾಗೇತಿ."

ಬೇಡ ಅನ್ನಲು ಯಾವ ಬಾಯಿ? ಬನ್ನಿ ಎಂದೆ. ಶೂ ಕೊಳ್ಳುವುದನ್ನು ನಾನೇ ಹೇಳಿಕೊಟ್ಟೆ, ಉಸಿರು ಹಿಡಿಯುವುದನ್ನು ನಾನೇ ಹೇಳಿಕೊಟ್ಟೆ. ಮೊದಲ ದಿನಗಳಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಕೂರುವಾಗ ಎಷ್ಟು ಪ್ರೀತಿಯಿಂದ ಬೆನ್ನು ತಟ್ಟಿದ್ದೇನೆ. ಮುಂದಿನ ವಸಂತಕ್ಕೆ ಮಿಷನ್ ಪೀಕ್ ಬೆಟ್ಟ ಹತ್ತುವಾಗ ಅವಳು ಬದನೆಕಾಯಿ ಎಣ್ಣೆಗಾಯಿ ಮಾಡುವ ಬಗೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳುತ್ತ ಹೋದಳು, ನನಗೆ ಹೂಂಗುಟ್ಟಲೂ ಉಸಿರಿರಲಿಲ್ಲ. ಕಡೆಗೆ ನನ್ನನ್ನು ಬಿಟ್ಟು ಮುಂದೆ ಹೋಗಿ ತುದಿಯಲ್ಲಿ ಕಾಯುತ್ತ ಕುಳಿತಿದ್ದಳು. "ಸಾವಕಾಶ ಬರ್ರಿ, ಅವಸರ ಏನೈತಿ" ಎಂದಳು. ಮುಂದೆ ಹೋದರೆ ಹೋಗಲಿ, ಕಾಯಬಾರದಿತ್ತು. ಆಮೇಲೆ ಕನ್ನಡ ಸಂಘದ ಯುಗಾದಿ ಊಟದಲ್ಲಿ ಹಾಸನದ ಹೆಂಗಸೊಬ್ಬರು ನನ್ನ ಎಲೆಯ ಪಕ್ಕ ಕುಳಿತು, "ಅವ್ರ ಜೊತೆ ಸೇರ್ಕೊಂಡು ನೀವೂ ಸ್ವಲ್ಪ ರನ್ನಿಂಗ್ ಮಾಡ್ತೀರಂತೆ, ಒಳ್ಳೇದು" ಎಂದರು. ಅರ್ಧ ತಿಂದ ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿದೆ.

ಮರುಭೂಮಿಯ ಓಟದ ಚೀಟಿಯನ್ನು ನಾನು ಶೂ ಅಂಗಡಿಯಲ್ಲಿ ನೋಡಿದ್ದು ಅದಾದ ಮೇಲೆ. ಮೊಹಾವಿಯಲ್ಲಿ, ಗಾಳಿಯಂತ್ರಗಳು ತಿರುಗುವ ಬೆಟ್ಟಗಳ ಕೆಳಗೆ, ಮರಳಿನ ಕಾಲುದಾರಿಯಲ್ಲಿ ಐವತ್ತು ಕಿಲೋಮೀಟರು. ನಮ್ಮವರು ಚೀಟಿ ನೋಡಿ, "ನಿಂಗೇನ್ ತಲೆ ಕೆಟ್ಟಿದ್ಯಾ? ಮಂಡ್ಯದಿಂದ ಮೈಸೂರೇ ಇದಕ್ಕಿಂತ ಹತ್ರ ಆಯ್ತು" ಎಂದರು. ನನಗೆ ಬೇಕಾಗಿದ್ದೂ ಅಂಥದ್ದೇ. ನಮ್ಮೂರಿನ ಬಿಸಿಲಿನಲ್ಲಿ ಬರಿಗಾಲಲ್ಲಿ ಬೆಳೆದವಳು ನಾನು, ತಂಪು ಊರಿನ ಅವಳಿಗೆ ಮರುಭೂಮಿ ಆಗಿಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಅವಳಿಗೆ ಹೇಳದೆ ಹೆಸರು ಕೊಟ್ಟೆ. ನಮ್ಮವರು ಬ್ಯಾಡ್‌ಮಿಂಟನ್ ಆಡುವಾಗ ಅವಳ ಗಂಡನ ಮುಂದೆ ಬಾಯಿಬಿಟ್ಟರು. ಸಂಜೆಯೇ ಬಾಗಿಲು ಬಡಿದಳು, ಕೈಯಲ್ಲಿ ಬಿಸಿ ರೊಟ್ಟಿಯ ತಟ್ಟೆ. "ನಮಗೂ ಒಂದ್ ಮಾತು ಹೇಳಬಾರ್ದೇನ್ರಿ? ನಾನೂ ಹೆಸರು ಕೊಟ್ಟೆ ನೋಡ್ರಿ, ಜೋಡೀಲೆ ಹೋಗೂಣು." ರೊಟ್ಟಿ ಮೆತ್ತಗಿತ್ತು. ನಾನು ಅಷ್ಟು ಮೆತ್ತಗೆ ಇವತ್ತಿಗೂ ತಟ್ಟಲಾರೆ.

ಆ ದಿನವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಒಂದೇ ಒಂದು ಸಲ, ಈ ಓಟದಲ್ಲಿ, ಅವಳಿಗಿಂತ ಮೊದಲು ಕೊನೆಯ ಗೆರೆ ದಾಟಬೇಕು. ನೂರು ಜನ ಮುಂದೆ ಹೋಗಲಿ, ನನಗೆ ಅವರ ಗೊಡವೆಯಿಲ್ಲ. ಅವಳನ್ನು ದಾಟಿದರೆ ಓಟ ಮತ್ತೆ ನನ್ನದಾಗುತ್ತದೆ. ಇಲ್ಲದಿದ್ದರೆ ಶೂ ತೆಗೆದು ಮೂಲೆಗೆ ಬಿಸಾಡಿ, ಮಗಳ ಸ್ಕೂಲು, ಅಡಿಗೆ, ಬಟ್ಟೆ ಎಂದು ಇದ್ದುಬಿಡುವುದು.

ಎರಡೂ ಸಂಸಾರ ಒಂದೇ ವ್ಯಾನಿನಲ್ಲಿ ಹೊರಟೆವು. ಬೇಕರ್ಸ್‌ಫೀಲ್ಡ್ ದಾಟಿ ಘಾಟಿ ಹತ್ತಿದ ಮೇಲೆ ಗಾಳಿ ವ್ಯಾನನ್ನೇ ಪಕ್ಕಕ್ಕೆ ತಳ್ಳತೊಡಗಿತು. ಮಾರನೆಯ ಬೆಳಿಗ್ಗೆ ಓಟ ಶುರುವಾಗುವ ಜಾಗದಲ್ಲಿ ಬಾಯಿ ತೆರೆದರೆ ಮರಳು, ಮುಚ್ಚಿದರೂ ಹಲ್ಲಿನ ಸಂದಿಯಲ್ಲಿ ಕಿರಕಿರ. ನಾವಿಬ್ಬರೂ ಕಾಟನ್ ದುಪಟ್ಟಾಗಳನ್ನು ಮೂಗಿನ ಮೇಲಿಂದ ಬಿಗಿದು ಕಟ್ಟಿಕೊಂಡೆವು. ನಮ್ಮನ್ನು ನೋಡಿ ಅಲ್ಲಿದ್ದವರು ಕರ್ಚೀಫು ಹುಡುಕತೊಡಗಿದರು. ನಾನು ತಂದಿದ್ದ ಪುಳಿಯೋಗರೆ ಕವರು, ಓಟಗಾರರಿಗೆ ನೀರು ಇಟ್ಟಿದ್ದ ಮೊದಲ ಸ್ಟೇಷನ್ನಿನಲ್ಲಿ ಬಿಚ್ಚಿದೊಡನೆ ಅರ್ಧ ಅನ್ನ ಗಾಳಿಯ ಪಾಲಾಯಿತು. ಅವಳು ಶೇಂಗಾ ಉಂಡಿ ತಂದಿದ್ದಳು, ಪುಟ್ಟದಾಗಿ, ಒಂದೊಂದೇ ಬಾಯಿಗೆ ಹಾಕಿಕೊಳ್ಳುವಂತೆ. ಪಕ್ಕದಲ್ಲಿ ಓಡುತ್ತಿದ್ದ ಬಿಳಿಯನೊಬ್ಬ ಒಂದು ತಿಂದು, ಎಲ್ಲಿ ಸಿಗುತ್ತದೆ ಎಂದು ಕೇಳಿದ. ನನ್ನ ಪುಳಿಯೋಗರೆಯನ್ನು ಯಾರೂ ಕೇಳಲಿಲ್ಲ.

ಹೋಗುವಾಗ ಗಾಳಿ ಬೆನ್ನಿಗಿತ್ತು. ದಾರಿ ತೋರಿಸಲು ಗುಲಾಬಿ ರಿಬ್ಬನ್ ಕಟ್ಟಿದ ಗಿಡಗಳನ್ನು ಹುಡುಕುತ್ತ, ನಾವಿಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಓಡಿದೆವು. ತಿರುಗಿ ಬರುವಾಗ ಅದೇ ಗಾಳಿ ಎದೆಗೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ದೂಡುತ್ತಿತ್ತು. ಅಲ್ಲಿ ಅವಳು ತಲೆ ತಗ್ಗಿಸಿ, ಭುಜ ಮುಂದೆ ಮಾಡಿ, ಮೆಲ್ಲಗೆ ನನ್ನಿಂದ ಕಳಚಿಕೊಂಡು ಮುಂದೆ ಹೋದಳು. ಅವಳು ಹಾಕಿಕೊಂಡಿದ್ದುದು ಅವಳ ಗಂಡನ ಕಂಪನಿಯ ಹಳದಿ ಟೀ ಶರ್ಟು. ಮರುಭೂಮಿಯಲ್ಲಿ ನೋಡಲು ಬೇರೇನಿದೆ? ಗಂಟೆಗಟ್ಟಲೆ ಆ ಹಳದಿ ಬೆನ್ನನ್ನೇ ನೋಡಿಕೊಂಡು ಓಡಿದೆ. ಅವಳ ಕಾಲು ಉಳುಕಲಿ ಎಂದು ಬಯಸಲಿಲ್ಲ, ದೇವರಾಣೆ. ಸುಸ್ತಾಗಲಿ, ಕೂತುಕೊಳ್ಳಲಿ, ಒಂದು ಉಂಡಿ ಜಾಸ್ತಿ ತಿಂದು ಹೊಟ್ಟೆ ಭಾರವಾಗಲಿ ಎಂದು ಮಾತ್ರ ಬಯಸಿದೆ.

ಕೊನೆಯ ಸ್ಟೇಷನ್ನಿನಲ್ಲಿ ನಾನು ಎಡವಟ್ಟು ಮಾಡಿಕೊಂಡೆ. ಡೇರೆಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದ ಮುದುಕಪ್ಪ ನೀರಿನ ಜಗ್ಗು ಎತ್ತಿ, ಬಾಟಲಿ ತುಂಬಿಸಲಾ ಎಂದು ಕೇಳಿದ. ನನ್ನ ಬಾಯಿಯಿಂದ ತಾನೇ ತಾನಾಗಿ "ನೋ ನೋ, ಐ ಯಾಮ್ ಫೈನ್" ಎಂದು ಬಂತು. ನಮ್ಮಲ್ಲಿ ಯಾರಾದರೂ ಮೊದಲನೇ ಸಲಕ್ಕೇ ಹೂಂ ಅನ್ನುತ್ತಾರೆಯೇ? ಬೇಡ ಅನ್ನಬೇಕು, ಅವರು ಅಯ್ಯೋ ತೊಗೊಳ್ಳಿ ಅನ್ನಬೇಕು, ಇನ್ನೊಮ್ಮೆ ಬೇಡ ಅನ್ನಬೇಕು, ಆಮೇಲೆ ಸಂಕೋಚದಿಂದ ಕೈ ಚಾಚಬೇಕು. ಈ ದೇಶದಲ್ಲಿ ಒಂದೇ ಸಲ ಕೇಳುತ್ತಾರೆ. ಅದು ಗೊತ್ತಿಲ್ಲದೆ ಬಂದ ಹೊಸದರಲ್ಲಿ ಎಷ್ಟು ಮನೆಗಳಲ್ಲಿ ಹಸಿದುಕೊಂಡು ಎದ್ದು ಬಂದಿದ್ದೇನೆ. ಗೊತ್ತಾದ ಮೇಲೂ, ಆ ಆಯಾಸದಲ್ಲಿ, ನಾಲಿಗೆ ತನ್ನ ಹಳೇ ಚಾಳಿ ಬಿಡಲಿಲ್ಲ. ಮುದುಕಪ್ಪ "ಗುಡ್ ಜಾಬ್" ಎಂದು ಹಿಂದಿನವರ ಕಡೆ ತಿರುಗಿದ. ಕರೆದು ಕೇಳಬಹುದಿತ್ತು. ಅಷ್ಟರಲ್ಲಿ ಹಳದಿ ಬೆನ್ನು ದಿಬ್ಬದ ಆಚೆ ಮರೆಯಾಗುವುದು ಕಂಡಿತು. ತಳದಲ್ಲಿ ಎರಡು ಗುಟುಕು ನೀರಿದ್ದ ಬಾಟಲಿ ಹಿಡಿದು ಅವಳ ಹಿಂದೆ ಬಿದ್ದೆ.

ದಿಬ್ಬ ಇಳಿಯುವುದರೊಳಗೆ ಎರಡು ಗುಟುಕೂ ಮುಗಿದವು. ಅಲ್ಲಿಂದ ಮುಂದೆ ಗಂಟಲು ಅಂಟಿಕೊಂಡು, ತುಟಿ ಬಿರಿದು, ಕಿವಿಯಲ್ಲಿ ಗಾಳಿಯೋ ನನ್ನದೇ ರಕ್ತವೋ ಏನೋ ಒಂದು ಹುಯ್ಯೆನ್ನುತ್ತಿತ್ತು. ಓಡುವುದು ನಿಂತು ನಡಿಗೆಯಾಯಿತು. ಮೊನಚೆಲೆಯ ಒಂದು ಜೋಶುವಾ ಗಿಡದ ಬುಡದಲ್ಲಿ ಅವಳು ಕೂತು ಶೂ ಒಳಗಿನ ಮರಳು ಕೊಡವುತ್ತಿದ್ದಳು. ನನ್ನ ಕೈಯ ಬಾಟಲಿ ನೋಡಿದಳು.

"ನೀರು ಮುಗದಾವೇನ್ರಿ? ತಗೋರಿ, ನನ್ ಹತ್ರ ಅದಾವು."

"ಬೇಡ ಕಣ್ರೀ, ಈಗ್ತಾನೆ ಕುಡ್ದೆ" ಎಂದೆ.

"ಆತ್ರಿ ಹಂಗಾರ" ಎಂದು ಶೂ ಕಟ್ಟಿಕೊಂಡು ಎದ್ದು ಓಡಿಬಿಟ್ಟಳು.

ನಾನು ನಿಂತಲ್ಲೇ ನಿಂತೆ. ಒಂದೇ ಸಲ ಕೇಳಿದಳು. ಬಿಳಿಯರು ಇನ್ನೊಮ್ಮೆ ಕೇಳದಿದ್ದರೆ ಅವರಿಗೆ ಗೊತ್ತಿಲ್ಲ, ಧಾರವಾಡದವಳಿಗೆ ಗೊತ್ತಿಲ್ಲವೇ? ಊಟಕ್ಕೆ ಕರೆದರೆ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ತುಪ್ಪ ಸುರಿಯುವವಳು. ಅಮೆರಿಕವನ್ನು ಎಲ್ಲದರಲ್ಲೂ ನನಗಿಂತ ಬೇಗ ಕಲಿತಳು, ಇದನ್ನೂ ಕಲಿತುಬಿಟ್ಟಳು ಎಂದುಕೊಂಡೆ. ನಿಜ ಹೇಳಬೇಕೆಂದರೆ ಆ ಬಾಯಾರಿಕೆಯಲ್ಲೂ ಹೊಟ್ಟೆಯೊಳಗೆ ಒಂಥರಾ ತಣ್ಣಗಾಯಿತು. ಮೂರು ವರ್ಷದಿಂದ ಅವಳಲ್ಲಿ ಒಂದು ಹುಳುಕು ಹುಡುಕುತ್ತಿದ್ದೆ, ಸಿಕ್ಕಿತು. ಇನ್ನು ಆರಾಮಾಗಿ ದ್ವೇಷ ಮಾಡಬಹುದು.

ಅಷ್ಟರಲ್ಲಿ ಮುಂದಿದ್ದ ಹಳದಿ ಬಣ್ಣ ನಿಂತಿತು. ತಿರುಗಿತು. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದುಪಟ್ಟಾ ಹಾರಿಸಿಕೊಂಡು ಓಡಿಬಂದಳು. ಬಂದಷ್ಟೂ ದೂರವನ್ನು ಮತ್ತೆ ಅದೇ ಗಾಳಿಗೆ ಎದುರಾಗಿ ಓಡಬೇಕು ಅನ್ನುವುದು ಅವಳಿಗೆ ಹೊಳೆಯಲಿಲ್ಲವೋ ಏನೋ.

"ಇನ್ನೊಮ್ಮಿ ಕೇಳಲಿಲ್ಲ ನೋಡ್ರಿ ನಾ. ಏನ್ ಬುದ್ಧಿ ಬಂತೋ ನನಗ. ಹಿಡೀರಿ ಬಾಟ್ಲಿ."

"ಬೇಡ ರೀ" ಎಂದೆ. ಈ ಸಲದ್ದು ಉಪಚಾರದ ಬೇಡ ಅಲ್ಲ. ಅವಳ ನೀರು ಕುಡಿದು ಅವಳನ್ನು ದಾಟುವುದು ಹೇಗೆ?

"ಸುಮ್ನ ಹಿಡೀರಿ" ಎಂದು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು, ತನ್ನದರಲ್ಲಿದ್ದ ಮುಕ್ಕಾಲು ನೀರನ್ನು ಸುರಿದಳು. ಕುಡಿದೆ. ಅಷ್ಟು ರುಚಿಯ ನೀರು ಮತ್ತೆ ಕುಡಿದಿಲ್ಲ, ಆ ಮಾತೂ ಸತ್ಯ.

ಇಬ್ಬರೂ ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಅಮ್ಮಾ ಎಂದು ಮೀನಖಂಡ ಹಿಡಿದುಕೊಂಡು ಕೂತಳು. ಮುಟ್ಟಿ ನೋಡಿದೆ, ಕಲ್ಲಾಗಿತ್ತು. ಇಬ್ಬರೂ ಸೇರಿ ಉಜ್ಜಿದೆವು. ಗೆರೆಯ ಹತ್ತಿರ ಕಟ್ಟಿದ್ದ ಕೆಂಪು ಬಾವುಟಗಳು ದೂರದಲ್ಲಿ ಪಟಪಟ ಹೊಡೆದುಕೊಳ್ಳುತ್ತಿದ್ದವು.

"ನೀವು ನಡೀರಿ, ನಾ ಸಾವಕಾಶ ಬರ್ತೀನಿ. ನಿಂತ್ರ ನಿಮ್ ಕಾಲೂ ಹಿಡಕೋತಾವು."

"ನಾನೂ ಇರ್ತೀನಿ ಬಿಡಿ" ಎಂದೆ.

"ಬ್ಯಾಡ್ರಿ" ಎಂದಳು.

ನಾನು ಎರಡನೆಯ ಸಲ ಹೇಳಲಿಲ್ಲ. ಓಡಿದೆ. ಮೊದಲ ಸಲ ಆ ದಾರಿಯಲ್ಲಿ ನನ್ನ ಮುಂದೆ ಹಳದಿ ಇರಲಿಲ್ಲ, ಬರಿಯ ಮರಳು, ಆಕಾಶ. ಗೆರೆ ದಾಟಿದೆ. ನಮ್ಮವರು ಕೂಗಿದರು, ಮಗಳು ಬಂದು ಸೊಂಟ ತಬ್ಬಿ "ಅಮ್ಮಾ, ಯೂ ಬೀಟ್ ಆಂಟಿ" ಎಂದಳು. ಕೊರಳಿಗೆ ಮೆಡಲು ಬಿತ್ತು. ನನಗೆ ಬೇಕಾಗಿದ್ದುದು ಸಿಕ್ಕಿಯೇ ಬಿಟ್ಟಿತ್ತು.

ಅವಳು ಕುಂಟಿಕೊಂಡು ಬಂದಳು. ಬಂದವಳೇ ನನ್ನ ಗಂಡನಿಗೆ, ತನ್ನ ಗಂಡನಿಗೆ, ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತರಿಗೆ ಕೂಡ, "ಏನ್ ಓಡಿದ್ರಂತೀರಿ ಇವ್ರು, ಆ ಗಾಳ್ಯಾಗ. ನನ್ನ ಕೈಲಿ ಆಗಲೇ ಇಲ್ಲ" ಎಂದು ಹೇಳುತ್ತ ಉಳಿದ ಉಂಡಿಗಳನ್ನು ಹಂಚಿದಳು. ನಾನು ಒಂದು ಮಾತಿಗೆ ಕಾಯುತ್ತ ನಿಂತಿದ್ದೆ. ನೀರಿನ ಮಾತು. ಇವರಿಗೆ ನಾನೇ ನೀರು ಕೊಟ್ಟೆ, ಹಿಂದಕ್ಕೆ ಬಂದು ಕೊಟ್ಟೆ ಎಂದು ಒಮ್ಮೆ ಅಂದುಬಿಡಲಿ, ನನ್ನ ಗೆಲುವಿನ ಮೇಲೆ ಒಂದು ಚೂರು ಮಣ್ಣು ಹಾಕಲಿ. ಹಾಕಿದರೆ ನಾನು ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಅವಳು ಹಾಕಲಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಮಕ್ಕಳು ನಿದ್ದೆ ಹೋಗಿದ್ದರು, ಗಂಡಂದಿರು ಮುಂದೆ ಷೇರು ಮಾತಾಡುತ್ತಿದ್ದರು. ತಡೆಯಲಾಗದೆ ಕೇಳಿದೆ.

"ನೀರಿನ ವಿಷ್ಯ ಯಾಕ್ರೀ ಯಾರ್ಗೂ ಹೇಳ್ಲಿಲ್ಲ?"

"ಯಾವ ನೀರ್ರಿ?" ಎಂದಳು.

ಮುಖ ನೋಡಿದೆ. ದೊಡ್ಡತನದ ನಟನೆ ಇರಬಹುದು, ಹಿಡಿದುಬಿಡೋಣ ಎಂದು ಕಣ್ಣಿಟ್ಟು ನೋಡಿದೆ. ನಟನೆಯಲ್ಲ. ಅಷ್ಟು ಗಾಳಿಯಲ್ಲಿ ಹಿಂದಕ್ಕೆ ಓಡಿಬಂದದ್ದು, ಬಾಟಲಿ ಕಿತ್ತುಕೊಂಡದ್ದು, ತನ್ನ ನೀರು ಸುರಿದದ್ದು, ಯಾವುದೂ ಅವಳ ತಲೆಯಲ್ಲಿ ಉಳಿದೇ ಇರಲಿಲ್ಲ. ಉತ್ತರಕ್ಕೆ ಕಾಯದೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಫ್ರೀಮಾಂಟಿನವರೆಗೂ ನನ್ನ ಕಣ್ಣು ಮುಚ್ಚಲಿಲ್ಲ. ಕಾಲು ಪಳಗಿಸಿದರೆ ಅವಳಂತೆ ಓಡಬಹುದು, ಹಟ ಹಿಡಿದರೆ ರೊಟ್ಟಿಯೂ ತಟ್ಟಬಹುದು. ಹಾಗೆ ಕೊಟ್ಟು ಹಾಗೆ ಮರೆಯುವುದನ್ನು ಎಲ್ಲಿ ಹೋಗಿ ಕಲಿಯಲಿ? ಅವಳನ್ನು ಕಂಡು ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಅವತ್ತೇ, ಮೆಡಲು ನನ್ನ ಕೊರಳಲ್ಲಿದ್ದಾಗ.