ಗಾಜಿನಾಚೆಯ ಮಂಗಟ್ಟೆ

ಮೊದಲು ಬಂದದ್ದು ಕೆಮ್ಮು. ಒಣ ಕೆಮ್ಮು. ಕಾಫಿ ಕಣದ ಧೂಳು ಅಂದುಕೊಂಡು ಮೆಣಸಿನ ಕಷಾಯ ಕುಡಿದೆ. ಆಮೇಲೊಂದು ದಿನ ಹಿತ್ತಲಿನ ಶೆಡ್ಡಿಗೆ ನೀರು ಒಯ್ಯುವಾಗ ನಡುದಾರಿಯಲ್ಲೇ ಕೂತುಬಿಟ್ಟೆ. ಎಷ್ಟು ಎಳೆದರೂ ಉಸಿರು ಸಾಲದು.

ಆ ಶೆಡ್ಡಿನಲ್ಲಿ ನಮ್ಮ ಗಾಯಾಳುಗಳಿದ್ದವು. ವನಗೂರಿನ ಸುತ್ತ ಎಲ್ಲೇ ಹಕ್ಕಿ ಕರೆಂಟ್ ತಂತಿಗೆ ಸಿಕ್ಕಲಿ, ಗೂಡಿನಿಂದ ಬೀಳಲಿ, ನನಗೆ ಫೋನ್ ಬರುತ್ತಿತ್ತು. ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರಿಗೆ ತೋರಿಸಿ, ವಾಸಿಯಾಗುವವರೆಗೆ ಉಣಿಸಿ ಕಾಡಿಗೆ ಬಿಡುವುದು ನನ್ನ ಮತ್ತು ಗೆಳತಿ ಲಿಲ್ಲಿ ಅಕ್ಕನ ಕೆಲಸ. ಸಂಬಳವಿಲ್ಲದ ನೌಕರಿ, ಮೈತುಂಬ ಪುಕ್ಕವೇ ಬೋನಸ್ ಎಂದು ನಮ್ಮ ಯಜಮಾನರು ಕಿಚಾಯಿಸುತ್ತಿದ್ದರು.

ಹಾಸನದ ಡಾಕ್ಟರು ಆಸ್ತಮಾ ಇರಬಹುದೆಂದು ಇನ್‌ಹೇಲರ್ ಕೊಟ್ಟರು. ಮನೆಯಲ್ಲಿ ಪಾರಿವಾಳ ಸಾಕಿದ್ದೀರಾ ಎಂದೂ ಕೇಳಿದರು. ಇಲ್ಲ ಎಂದೆ. ಹಕ್ಕಿ ಸಾಕುವವರನ್ನು ಕಂಡರೇ ನನಗಾಗದು. ಶೆಡ್ಡಿನಲ್ಲಿದ್ದವು ಕಾಡಿನವು, ಹೊರಡಬೇಕಾದವು. ಅವುಗಳ ಮಾತು ಎತ್ತಬೇಕೆಂದು ನನಗೆ ಹೊಳೆಯಲೇ ಇಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ಮಾತಾಡಿದರೂ ಏದುಸಿರು. ಮಂಗಳೂರಿಗೆ ಹೋದೆವು. ಸಿ.ಟಿ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು.

"ಪಾರಿವಾಳ ಒಂದಿಲ್ಲ ಕಣ್ರೀ ಮೇಡಂ. ಗೂಬೆ, ಗಿಣಿ, ಮಂಗಟ್ಟೆ ಎಲ್ಲಾ ಐತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಪುಕ್ಕದ ಪುಡಿ, ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲವಂತೆ. ನನ್ನದರಲ್ಲಿ ಒಂದಷ್ಟು ಭಾಗ ಆಗಲೇ ಗಟ್ಟಿಯಾಗಿತ್ತು, ಅದು ಮರಳುವುದಿಲ್ಲ. ಉಳಿದದ್ದನ್ನು ಸ್ಟೀರಾಯ್ಡ್ ಕಾಪಾಡಬಹುದು. ಇನ್ನು ಒಂದು ಹಕ್ಕಿಯನ್ನೂ ಮುಟ್ಟಬಾರದು, ಅವು ಮನೆಯ ಹತ್ತಿರವೂ ಇರಬಾರದು ಎಂದರು.

ಅಲ್ಲೇ ಅತ್ತುಬಿಟ್ಟೆ. ನನಗಾಗಿ ಅಲ್ಲ, ಮಂಗಟ್ಟೆಗಾಗಿ.

ಹೊಂಗಡಹಳ್ಳದ ರಸ್ತೆಯಲ್ಲಿ ಜೀಪಿಗೆ ಬಡಿದು ಬಿದ್ದಿದ್ದ, ದೊಡ್ಡ ಕೊಕ್ಕಿನ ಹಕ್ಕಿ ಅದು. ಮುರಿದ ರೆಕ್ಕೆ ಸೊಟ್ಟಗೆ ಕೂಡಿಕೊಂಡಿತ್ತು. ಇನ್ನು ಹಾರುವಂತಿರಲಿಲ್ಲ. ನನ್ನ ಕೈಯಿಂದಲ್ಲದೆ ಹಣ್ಣು ಮುಟ್ಟುತ್ತಿರಲಿಲ್ಲ.

ಉಳಿದ ಹಕ್ಕಿಗಳೊಂದಿಗೆ ಅದೂ ಕುಂದೂರಿನ ಲಿಲ್ಲಿ ಅಕ್ಕನ ಮನೆಗೆ ಹೋಯಿತು. ಹೋದಲ್ಲಿ ಉಪವಾಸ ಕೂತಿತು. ಯಜಮಾನರು ನನ್ನ ಹಳೇ ಸ್ವೆಟರ್ ತೊಟ್ಟು, ತಲೆಗೆ ನನ್ನ ಸ್ಕಾರ್ಫ್ ಕಟ್ಟಿಕೊಂಡು ಅತ್ತಿಹಣ್ಣು ಹಿಡಿದರಂತೆ.

"ಇವರನ್ನು ನೋಡಿ ನಾನೇ ಹೆದರಿದೆ ಮಾರಾಯ್ತಿ, ಪಾಪ ಅದು ಹೇಗೆ ತಿನ್ತದೆ?" ಎಂದು ಲಿಲ್ಲಿ ಅಕ್ಕ ಫೋನಿನಲ್ಲಿ ಹೇಳಿದರು. ನಗಲು ಹೋಗಿ ಕೆಮ್ಮಿದೆ.

ಕೊನೆಗೆ ಯಜಮಾನರು ಡಾಕ್ಟರಮ್ಮನ ಒಪ್ಪಿಗೆ ಪಡೆದು ನನ್ನನ್ನೇ ಅಲ್ಲಿಗೆ ಕರೆದೊಯ್ದರು. ಮಾಸ್ಕ್ ಹಾಕಿ, ಗಾಜು ಏರಿಸಿದ ಕಾರಿನಲ್ಲಿ, ಮಂಗಟ್ಟೆಯ ಪಂಜರದ ಜಾಲರಿಗೆ ಎದುರಾಗಿ ಕೂತೆ. ಹಕ್ಕಿ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿತು. ಆಮೇಲೆ ಯಜಮಾನರ ಕೈಯಿಂದ ಒಂದು ಹಣ್ಣು ತೆಗೆದುಕೊಂಡಿತು. ನುಂಗುವಾಗಲೂ ಕಣ್ಣು ನನ್ನ ಮೇಲೆಯೇ.

"ನೋಡ್ದಾ? ನಿನ್ನ ಮುಖ ಕಂಡ್ಮೇಲೆ ಉಣ್ತಾ ಐತೆ," ಎಂದರು.

ದಿನಾ ಹೋದೆವು. ಕಾರನ್ನು ದಿನಾ ಒಂದಿಷ್ಟು ಹಿಂದಕ್ಕೆ ನಿಲ್ಲಿಸಲು ಲಿಲ್ಲಿ ಅಕ್ಕ ಹೇಳಿದರು. ಒಬ್ಬರ ಕೈಗೇ ಅಂಟಿಕೊಂಡ ಹಕ್ಕಿಯನ್ನು ಬಿಡಿಸಲು ನಾವು ಯಾವಾಗಲೂ ಮಾಡುವುದು ಹಾಗೆಯೇ. ಎಷ್ಟೋ ಹಕ್ಕಿಗಳಿಂದ ನಾನೇ ಹೀಗೆ ಹಿಂದೆ ಸರಿದಿದ್ದೇನೆ. ಇಷ್ಟು ನೋವಾಗಿದ್ದು ನೆನಪಿಲ್ಲ.

ಈಗ ಉಸಿರು ಸ್ವಲ್ಪ ಹಗುರಾಗಿದೆ. ಫೋನ್ ಈಗಲೂ ಬರುತ್ತದೆ. ಬಟ್ಟೆ ಮುಚ್ಚಿ ಹೇಗೆ ಎತ್ತಬೇಕು ಎಂದು ಹೇಳಿಕೊಡುತ್ತೇನೆ, ಅಷ್ಟೆ.

ಹಿಂದೆ ಸರಿಯುತ್ತ ಸರಿಯುತ್ತ ಮೊನ್ನೆ ನಮ್ಮ ಕಾರು ಲಿಲ್ಲಿ ಅಕ್ಕನ ಗೇಟಿನ ಬಳಿ ನಿಂತಿತ್ತು. ಮಂಗಟ್ಟೆ ನನಗೆ ಬೆನ್ನು ಮಾಡಿ ಕೂತು, ಲಿಲ್ಲಿ ಅಕ್ಕನ ಕೈಯಿಂದ ಹೊಟ್ಟೆ ತುಂಬ ತಿಂದಿತು. ಕಾಡಿಗೆ ಬಿಟ್ಟ ಹಕ್ಕಿ ನನ್ನ ಕಡೆ ತಿರುಗದಿರಲಿ ಎಂದು ಇಷ್ಟು ವರ್ಷ ದೇವರಲ್ಲಿ ಬೇಡಿಕೊಂಡವಳು ನಾನು. ಅವತ್ತು ಮಾತ್ರ, ಒಂದು ಸಲ ತಿರುಗಲಿ ಎಂದು ಕಾದೆ.

ತಿರುಗಲಿಲ್ಲ.

"ನಾಳೆ ಬರಾದಾ?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

"ಬ್ಯಾಡ ಕಣ್ರೀ. ಉಣ್ತಾ ಐತಲ್ಲ," ಎಂದೆ.