ಕೂಸಿನ ಉಸಿರು ಎಣಿಸಲು ಹೋಗಿ

ಯುದ್ಧದ ಕಾಲ. ನಾನಾಗ ಹೊನ್ನಾಳಿ ಕಡೆ ಸರ್ಕಾರಿ ಕಾಂಪೌಂಡರ್. ಹುಟ್ಟಿದ ಕೂಸುಗಳು ಹೇಗೆ ಉಸಿರಾಡುತ್ತವೆ, ಕೆಲವಕ್ಕೆ ಯಾಕೆ ಉಸಿರು ಕಟ್ಟುತ್ತದೆ ಎಂದು ತಿಳಿಯುವ ಹುಚ್ಚು ನಮ್ಮ ಡಾಕ್ಟರಿಗೆ ಹಿಡಿದಿತ್ತು. ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆದು ತರಲು ತಮ್ಮ ಗಡಿಯಾರ ಕೊಟ್ಟು ನನ್ನನ್ನು ಸಾಸ್ವೆಹಳ್ಳಿಗೆ ಅಟ್ಟಿದರು.

ಅಲ್ಲಿ ಜೋಳದ ವ್ಯಾಪಾರಿಯೊಬ್ಬರ ಮನೆಯಲ್ಲಿ ಮೂರು ದಿನದ ಮೊಮ್ಮಗನಿದ್ದ. ಅಜ್ಜಿ ಬಾಗಿಲಲ್ಲೇ ತಡೆದಳು.

"ಉಸಿರು ಎಣಿಸಿದ್ರೆ ಆಯಸ್ಸು ಕಡಿಮೆ ಆಗ್ತೈತೆ ರೀ. ಎಣಿಸ್ಲೇಬೇಕು ಅಂದ್ರೆ, ನಮ್ಮ ಯಜಮಾನ್ರು ಜೋಳ ಅಳೆಯೋವಾಗ 'ಒಂದು' ಅನ್ನದೆ 'ಲಾಭ' ಅಂತಾರಲ್ಲ, ಹಂಗೆ ಶುರು ಮಾಡ್ರಿ. ಆಗ ಏನೂ ತಾಗಲ್ಲ."

ಒಪ್ಪಿದೆ. "ಲಾಭ, ಎರಡು, ಮೂರು..." ಹದಿನೆಂಟಕ್ಕೆ ಬಂದಾಗ ಕೂಸಿನ ಎದೆ ಅಲ್ಲಾಡುವುದೇ ನಿಂತಿತು. ಗಾಬರಿಯಲ್ಲಿ ನಾನೂ ಉಸಿರು ಬಿಗಿಹಿಡಿದೆ. ಅದು ಮತ್ತೆ ಉಸಿರಾಡಿತು, ಮತ್ತೆ ನಿಲ್ಲಿಸಿತು. ಅದು ನಿಲ್ಲಿಸಿದಾಗಲೆಲ್ಲ ನಾನೂ ನಿಲ್ಲಿಸಿದೆ. "ಹೆದರಬ್ಯಾಡ್ರಿ, ಎಳೆ ಕೂಸುಗಳು ಹಿಂಗೇ" ಎಂದು ಅಜ್ಜಿ ಹೇಳುತ್ತಿರುವಾಗಲೇ ಕಣ್ಣು ಕತ್ತಲಿಟ್ಟು ಪಕ್ಕದ ಜೋಳದ ಚೀಲದ ಮೇಲೆ ಬಿದ್ದೆ.

ಕಣ್ಣು ಬಿಟ್ಟಾಗ ಕೂಸು ಗಟ್ಟಿಯಾಗಿ ಅಳುತ್ತಿತ್ತು. ಅಜ್ಜಿ ನನ್ನ ಎದೆ ನೋಡುತ್ತ "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದಳು.

"ಅಜ್ಜಿ, ಲಾಭ ಅನ್ರಿ!" ಎಂದು ಕಿರುಚಿದೆ.

"ಅದು ಮನೆ ಕೂಸಿಗೆ ರೀ. ನಿಮ್ದು ಸರ್ಕಾರಿ ಉಸಿರು, ಹೆಂಗೆ ಎಣಿಸಿದ್ರೂ ಏನೂ ಆಗಲ್ಲ."

ರಿಟೈರಾದ ದಿನ ಬೀಗದ ಕೈ, ಕೊಡೆ, ಲಾಟೀನು ಎಲ್ಲವನ್ನೂ ಸಹಿ ಹಾಕಿಸಿಕೊಂಡು ವಾಪಸು ಪಡೆದರು. ಪುಣ್ಯಕ್ಕೆ ಆ ಸರ್ಕಾರಿ ಉಸಿರೊಂದನ್ನು ಕೇಳಲು ಮರೆತರು.